ಚಿಲಕ ಯಾವ ಕಡೆಗಿತ್ತು?

1636ರ ಮಾರ್ಚ್ ತಿಂಗಳು. ಹಾಲೆಂಡಿನ ಯೂಟ್ರೆಕ್ಟ್ ಊರಿನಲ್ಲಿ ಹೊಸ ವಿಶ್ವವಿದ್ಯಾಲಯ ಬಾಗಿಲು ತೆರೆಯುತ್ತಿತ್ತು. ಸಮಾರಂಭಕ್ಕೆ ಲ್ಯಾಟಿನ್ ಪದ್ಯ ಬರೆದುಕೊಡಿ ಅಂತ ಕೇಳಿದ್ದು ಆನಾ ಮರಿಯಾ ವಾನ್ ಶೂರ್ಮನ್ ಎಂಬ 28 ವರ್ಷದ ಹೆಂಗಸನ್ನು. ಆಕೆ ಬರೆದುಕೊಟ್ಟಳು. ಊರನ್ನು ಹೊಗಳಿದಳು, ವಿಶ್ವವಿದ್ಯಾಲಯವನ್ನೂ ಹೊಗಳಿದಳು. ಹೊಗಳುತ್ತಲೇ ನಡುವೆ ಒಂದು ದೂರು ಸೇರಿಸಿದಳು: ಈ ಅಂಗಳದೊಳಗೆ ಹೆಂಗಸರಿಗೆ ಮಾತ್ರ ಪ್ರವೇಶವಿಲ್ಲವಲ್ಲ!

ದೂರು ಕೆಲಸ ಮಾಡಿತು, ಅರ್ಧದಷ್ಟು. ವೂಟಿಯಸ್ ಎಂಬ ಪ್ರೊಫೆಸರ್ ಆಕೆಗೆ ಪಾಠ ಕೇಳಲು ಅನುಮತಿ ಕೊಡಿಸಿದರು. ಆದರೆ ಗಂಡು ಹುಡುಗರ ಕಣ್ಣಿಗೆ ಬೀಳುವಂತಿಲ್ಲ. ಅದಕ್ಕಾಗಿ ಮರೆ ಮಾಡಿದ ಪುಟ್ಟ ಗೂಡೊಂದು ಸಿದ್ಧವಾಯಿತು. ಆಕೆಗೆ ಪಾಠ ಕೇಳಿಸುತ್ತದೆ, ಆಕೆ ಯಾರಿಗೂ ಕಾಣಿಸುವುದಿಲ್ಲ. ಲ್ಯಾಟಿನ್, ಗ್ರೀಕ್, ಹೀಬ್ರೂ, ಅರೇಬಿಕ್ ಬಲ್ಲವಳು, ಇಥಿಯೋಪಿಯಾದ ಭಾಷೆಗೆ ವ್ಯಾಕರಣ ಬರೆದವಳು, ಹೀಗೆ ಗೂಡಿನಲ್ಲಿ ಕೂತು ನೋಟ್ಸ್ ಮಾಡಿಕೊಳ್ಳುವ ದೃಶ್ಯ ನೆನೆಸಿಕೊಳ್ಳಿ.

ಯುರೋಪಿನ ತತ್ವಶಾಸ್ತ್ರದಲ್ಲಿ 17ನೇ ಶತಮಾನವನ್ನು ಆರಂಭಿಕ ಆಧುನಿಕ ಕಾಲ ಅಂತ ಕರೆಯುತ್ತಾರೆ. ಡೆಕಾರ್ಟ್, ಲಾಕ್, ಸ್ಪಿನೋಜಾ ಇವರ ಹೆಸರುಗಳನ್ನು ಓದಿದವರು ಕೇಳಿರುತ್ತಾರೆ. ಅದೇ ಕಾಲದಲ್ಲಿ ಕೆಲವು ಹೆಂಗಸರು, ಒಬ್ಬಿಬ್ಬರು ಗಂಡಸರು, ಬೇರೊಂದು ಪ್ರಶ್ನೆ ಹಿಡಿದು ಕೂತಿದ್ದರು. ಹೆಂಗಸಿಗೆ ಓದು ಬೇಕೋ ಬೇಡವೋ? ಸ್ವಾತಂತ್ರ್ಯ ಅಂದರೆ ಅವಳ ಪಾಲಿಗೆ ಏನು? ಅವರ ಪುಸ್ತಕಗಳನ್ನು ಓದುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಲ್ಲರೂ ತಿರುತಿರುಗಿ ಬರುವುದು ಒಂದು ಕೋಣೆಯ ವಿಷಯಕ್ಕೆ, ಅದರ ಬಾಗಿಲಿನ ವಿಷಯಕ್ಕೆ. ಆ ಬಾಗಿಲಿನ ಚಿಲಕ ಒಳಗಿದೆಯೋ ಹೊರಗಿದೆಯೋ ಅನ್ನುವುದನ್ನು ಹಿಡಿದುಕೊಂಡರೆ ಉಳಿದ ವಾದಗಳು ಸಲೀಸಾಗಿ ಅರ್ಥವಾಗುತ್ತವೆ.

ಮೊದಲು ಎದುರಾಳಿಗಳ ವಾದ ನೋಡೋಣ. ಅದು ಹಳೆಯದು. ಹೆಂಗಸಿಗೆ ವಿವೇಚನೆ ಇದೆ, ಆದರೆ ಅದಕ್ಕೆ ಅಧಿಕಾರ ಇಲ್ಲ ಅಂತ ಅರಿಸ್ಟಾಟಲ್ ಎಂದೋ ಬರೆದಿಟ್ಟಿದ್ದ. ಹೆಂಗಸಿನ ಮೈ ತಂಪು, ತೇವ, ಆದ್ದರಿಂದ ಬುದ್ಧಿ ಮಂದ ಅಂತ ಆ ಕಾಲದ ವೈದ್ಯರು ಸೇರಿಸಿದ್ದರು. ಇದರ ಮೇಲೆ ನಿಂತ ತರ್ಕ ಹೀಗಿತ್ತು. ಹೆಂಗಸರಿಗೆ ಬುದ್ಧಿ ಕಡಿಮೆ, ಅದಕ್ಕೇ ಓದಿಸುವುದು ದಂಡ. ಬುದ್ಧಿ ಕಡಿಮೆ ಅಂತ ಹೇಗೆ ಹೇಳುತ್ತೀರಿ? ಅಯ್ಯೋ, ನೋಡಿ, ಅವರಲ್ಲಿ ಓದಿದವರು ಎಲ್ಲಿದ್ದಾರೆ!

ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತುವ ವಾದ ಇದು. ಮುಂದೆ 1694ರಲ್ಲಿ ಇಂಗ್ಲೆಂಡಿನ ಮೇರಿ ಆಸ್ಟೆಲ್ ಇದನ್ನು ಒಂದೇ ವಾಕ್ಯದಲ್ಲಿ ಬಿಡಿಸಿಟ್ಟಳು. ಯಾವ ಅನುಕೂಲಗಳು ಇಲ್ಲವೆಂದು ಹೆಂಗಸರನ್ನು ಆಮೇಲೆ ಹೀಗಳೆಯುತ್ತೀರೋ, ಅದೇ ಅನುಕೂಲಗಳಿಂದ ಅವರನ್ನು ಹುಟ್ಟಿದಾಗಿನಿಂದ ದೂರ ಇಟ್ಟಿದ್ದೀರಿ ಅನ್ನುವುದು ಆ ಮಾತಿನ ಸಾರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ಗಾದೆ ಹೇಳಿ ನಗುತ್ತೇವೆ. ಇಲ್ಲಿ ನೆಲವನ್ನು ನಿಜಕ್ಕೂ ಅಗೆದು ಡೊಂಕು ಮಾಡಿದ್ದರು.

ಈ ವಾದಕ್ಕೆ ಉತ್ತರ ಕೊಡುವ ಹಳೆಯ ದಾರಿ ಅಂದರೆ ಪಟ್ಟಿ ಮಾಡುವುದು. ಅಗೋ ಅಲ್ಲೊಬ್ಬ ರಾಣಿ ಇದ್ದಳು, ಇಗೋ ಇಲ್ಲೊಬ್ಬ ಕವಯಿತ್ರಿ ಇದ್ದಳು. ಇಂಥ ಪಟ್ಟಿಗಳು ಯುರೋಪಿನಲ್ಲಿ ಬೇಕಾದಷ್ಟು ಬಂದಿದ್ದವು. ಇದರ ತೊಂದರೆ ಏನೆಂದರೆ, ಎದುರಿನವನು ಸಂತೋಷದಿಂದ ಒಪ್ಪಿಕೊಂಡುಬಿಡುತ್ತಾನೆ. 'ಹೌದು ಹೌದು, ಶೂರ್ಮನ್ ಅಂಥವಳು ಅಪರೂಪ. ಉಳಿದವರು ಹಾಗಿಲ್ಲವಲ್ಲ!' ಶೂರ್ಮನ್‌ಳನ್ನು ಯೂಟ್ರೆಕ್ಟ್‌ನ ನಕ್ಷತ್ರ ಅಂತ ಕೊಂಡಾಡಿದರು. ನಕ್ಷತ್ರಕ್ಕೆ ಒಂದು ಗೂಡು ಕಟ್ಟಿಸಿಕೊಟ್ಟರೆ ಮುಗಿಯಿತು, ಮಿಕ್ಕವರಿಗೆ ಬಾಗಿಲು ತೆರೆಯಬೇಕಾಗಿಲ್ಲ. ಇಂದಿಗೂ ನಡೆಯುವ ಆಟ ಇದು, ಅಲ್ವಾ?

ಶೂರ್ಮನ್ ಬುದ್ಧಿವಂತೆ. ಪಟ್ಟಿ ಬಿಟ್ಟು ತರ್ಕ ಹಿಡಿದಳು. ಕ್ರೈಸ್ತ ಹೆಂಗಸಿಗೆ ವಿದ್ಯೆ ತಕ್ಕದ್ದೇ ಅನ್ನುವ ಪ್ರಶ್ನೆಯನ್ನು ಲ್ಯಾಟಿನ್‌ನಲ್ಲಿ, ವಿಶ್ವವಿದ್ಯಾಲಯದ ಚರ್ಚೆಯ ಧಾಟಿಯಲ್ಲೇ ಎತ್ತಿಕೊಂಡಳು. ಯಾರಿಗೆ ಹುಟ್ಟಿನಿಂದಲೇ ತಿಳಿಯುವ ಆಸೆ ಇದೆಯೋ ಅವರಿಗೆ ಓದು ತಕ್ಕದ್ದು. ಹೆಂಗಸರಿಗೆ ಆ ಆಸೆ ಇದೆ. ಹಾಗಾದರೆ ಹೆಂಗಸರಿಗೆ ಓದು ತಕ್ಕದ್ದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಆದರೆ ಜೊತೆಗೇ ಷರತ್ತುಗಳನ್ನೂ ಹಾಕಿದಳು. ಓದುವವಳಿಗೆ ಸಾಧಾರಣ ಮಟ್ಟದ ಬುದ್ಧಿಯಾದರೂ ಇರಬೇಕು, ಕೈಯಲ್ಲಿ ಹಣ ಇರಬೇಕು, ಮನೆಗೆಲಸದ ಹೊರೆ ಇರಬಾರದು. ಅಂದರೆ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮರೆಯದೆ ಮುಂದೆ ಹೋಗೋಣ, ಯಾಕೆಂದರೆ ಈ ಹುಡುಗಿ ಇನ್ನೊಂದು ಸಲ ಸಿಗುತ್ತಾಳೆ.

ನಿಜವಾದ ತಿರುವು ಬಂದಿದ್ದು ಬೇರೆ ದಿಕ್ಕಿನಿಂದ. 1637ರಲ್ಲಿ ರೆನೆ ಡೆಕಾರ್ಟ್ ತನ್ನ ಯೋಚನಾ ವಿಧಾನದ ಬಗ್ಗೆ ಒಂದು ಪುಸ್ತಕ ಬರೆದ. ಪಂಡಿತರ ಲ್ಯಾಟಿನ್ ಬಿಟ್ಟು ಜನರಾಡುವ ಫ್ರೆಂಚ್‌ನಲ್ಲಿ ಬರೆದ. ಹೆಂಗಸರಿಗೂ ಒಂದಿಷ್ಟು ಅರ್ಥವಾಗಲಿ ಅನ್ನುವ ಉದ್ದೇಶ ತನಗಿತ್ತು ಅಂತ ಮರುವರ್ಷ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ 'ಹೆಂಗಸರಿಗೂ' ಅನ್ನುವ ಮಾತಿನ ಕೊನೆಯ ದೀರ್ಘ ನೋಡಿ ನನಗೆ ನಗು ಬಂತು. ಇರಲಿ.

ಆ ಪುಸ್ತಕದಲ್ಲಿ ಎರಡು ಸಂಗತಿಗಳಿದ್ದವು. ಸರಿ ತಪ್ಪು ತೂಗಿ ನೋಡುವ ಶಕ್ತಿ ಎಲ್ಲರಿಗೂ ಸಮವಾಗಿ ಸಿಕ್ಕಿದೆ, ಅದನ್ನು ಬಳಸುವ ರೀತಿಯಲ್ಲಿ ಮಾತ್ರ ವ್ಯತ್ಯಾಸ ಅನ್ನುವುದು ಒಂದು. ಯೋಚಿಸುವ ಮನಸ್ಸು ಬೇರೆ, ಜಾಗ ಹಿಡಿಯುವ ದೇಹ ಬೇರೆ ಅನ್ನುವುದು ಇನ್ನೊಂದು. ಡೆಕಾರ್ಟ್‌ಗೆ ಹೆಂಗಸರ ಪರ ವಾದ ಮಾಡುವ ಉದ್ದೇಶ ಏನೂ ಇರಲಿಲ್ಲ. ಆದರೆ ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಗಂಡು ಹೆಣ್ಣು ಅನ್ನುವುದು ದೇಹದ ಸಂಗತಿ. ಯೋಚನೆ ಮನಸ್ಸಿನ ಕೆಲಸ. ಮನಸ್ಸು ದೇಹಕ್ಕಿಂತ ಬೇರೆಯೇ ಆದರೆ, ಮೈ ತಂಪು ತೇವ ಅನ್ನುವ ವೈದ್ಯರ ಮಾತಿಗೆ ಇಲ್ಲಿ ಏನು ಕೆಲಸ? ಜೊತೆಗೆ, ಅರಿಸ್ಟಾಟಲ್‌ನನ್ನು ಬಾಯಿಪಾಠ ಮಾಡಿರಬೇಕು ಅನ್ನುವ ನಿಯಮವೂ ಹೋಯಿತು. ಸ್ವಂತ ತಲೆ ಇದ್ದರೆ ಸಾಕು, ಶುರು ಮಾಡಬಹುದು.

ಈ ದಾರಿಯನ್ನು ಕೊನೆಯವರೆಗೂ ನಡೆದವನು ಪುಲ್ಯಾಂ ದ ಲಾ ಬಾರ್ ಎಂಬ ಫ್ರೆಂಚ್ ಯುವಕ. 1673ರಲ್ಲಿ ಹೆಸರು ಹಾಕದೆ ಸ್ತ್ರೀಪುರುಷರ ಸಮಾನತೆಯ ಬಗ್ಗೆ ಪುಸ್ತಕ ತಂದ. ಮನಸ್ಸಿಗೆ ಲಿಂಗವಿಲ್ಲ ಅಂತ ನೇರವಾಗಿ ಬರೆದ. ಹೆಂಗಸರು ಪ್ರೊಫೆಸರ್ ಆಗಬಹುದು, ನ್ಯಾಯಾಧೀಶೆ ಆಗಬಹುದು, ಸೇನಾಪತಿಯೂ ಆಗಬಹುದು ಅಂದ. ಹೆಂಗಸರ ಬಗ್ಗೆ ಗಂಡಸರು ಬರೆದಿದ್ದನ್ನೆಲ್ಲ ಅನುಮಾನದಿಂದಲೇ ಓದಬೇಕು, ಯಾಕೆಂದರೆ ಅಲ್ಲಿ ನ್ಯಾಯಾಧೀಶನೂ ಅವನೇ, ಕಕ್ಷಿಗಾರನೂ ಅವನೇ ಅಂದ. ಬೆಂಕಿ ಹತ್ತುತ್ತದೆ ಅಂತ ಕಾದ. ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಎರಡು ವರ್ಷ ಬಿಟ್ಟು, 1675ರಲ್ಲಿ, ಗಂಡಸರೇ ಶ್ರೇಷ್ಠ ಅನ್ನುವ ತಲೆಬರಹದ ಪುಸ್ತಕವನ್ನೂ ತಾನೇ ಬರೆದು, ಅದರೊಳಗೆ ಎದುರಾಳಿಯ ವಾದಗಳನ್ನೆಲ್ಲ ಜೋಡಿಸಿ ಅವುಗಳಿಗೂ ಉತ್ತರ ಕೊಟ್ಟ. ತನ್ನ ಮೇಲೆ ತಾನೇ ಕೇಸು ಹಾಕಿಕೊಂಡ ಹಾಗೆ.

ಇಷ್ಟು ಹೊತ್ತಿಗೆ ತರ್ಕದಲ್ಲಿ ಗೆದ್ದಾಯಿತು ಅನ್ನಬಹುದು. ಆದರೆ ತರ್ಕಕ್ಕೂ ದಿನದ ಬದುಕಿಗೂ ನಡುವೆ ಒಂದು ಸಂದು ಇತ್ತು. ಅದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವಳು ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್. ರಾಜ್ಯ ಕಳೆದುಕೊಂಡು ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಕುಟುಂಬದವಳು. 1643ರ ಮೇ ತಿಂಗಳಲ್ಲಿ, 24ನೇ ವಯಸ್ಸಿನಲ್ಲಿ, ಡೆಕಾರ್ಟ್‌ಗೆ ಪತ್ರ ಬರೆದಳು. ಮನಸ್ಸು ಜಾಗ ಹಿಡಿಯುವುದಿಲ್ಲ, ಮುಟ್ಟಲು ಬರುವುದಿಲ್ಲ ಅನ್ನುತ್ತೀರಿ. ಹಾಗಿದ್ದರೆ ಅದು ದೇಹವನ್ನು ಅಲ್ಲಾಡಿಸುವುದು ಹೇಗೆ? ತಳ್ಳಬೇಕಾದರೆ ಮುಟ್ಟಬೇಕಲ್ಲ? ಈ ಪ್ರಶ್ನೆಗೆ ಡೆಕಾರ್ಟ್ ಕೊಟ್ಟ ಉತ್ತರ ಇಂದಿಗೂ ಯಾರನ್ನೂ ಪೂರ್ತಿ ಒಪ್ಪಿಸಿಲ್ಲ.

ನನಗೆ ಇಲ್ಲಿ ಬೇಕಾಗಿರುವುದು ಮುಂದಿನ ಪತ್ರ. ನಿಮ್ಮ ವಿವರಣೆ ಅರ್ಥವಾಗಲಿಲ್ಲ ಅನ್ನುತ್ತಾ ಎಲಿಸಬೆತ್ ತನ್ನ ದಿನಚರಿಯ ವಿಷಯ ಎತ್ತುತ್ತಾಳೆ. ಮನೆತನದ ವ್ಯವಹಾರ ಬಿಡುವಂತಿಲ್ಲ, ಬಂದವರ ಜೊತೆ ಮಾತು ಉಪಚಾರ ತಪ್ಪಿಸುವಂತಿಲ್ಲ, ಇವುಗಳಲ್ಲಿ ಮನಸ್ಸು ದಣಿದು ಬೇರೇನೂ ಆಗುವುದಿಲ್ಲ ಅಂತ. ಡೆಕಾರ್ಟ್ ಕೊಟ್ಟ ಸಲಹೆ ಗೊತ್ತಾ? ಇಂಥ ಗಹನ ವಿಷಯಕ್ಕೆ ತಾನು ಮೀಸಲಿಡುವುದು ವರ್ಷಕ್ಕೆ ಕೆಲವೇ ಗಂಟೆ, ಉಳಿದ ಸಮಯವೆಲ್ಲ ಇಂದ್ರಿಯಗಳಿಗೆ, ವಿಶ್ರಾಂತಿಗೆ! ಹಳ್ಳಿಯಲ್ಲಿ ಸದ್ದಿಲ್ಲದ ಮನೆ ಮಾಡಿಕೊಂಡು, ಬೆಳಗ್ಗೆ ತಡವಾಗಿ ಏಳುವ ಅಭ್ಯಾಸವಿದ್ದ ಮನುಷ್ಯ ಹೇಳಿದ ಮಾತು. ಆ ಕೆಲವು ಗಂಟೆ ಯಾರೂ ಬಾಗಿಲು ತಟ್ಟದೆ ಸಿಗುವುದೇ ಕಷ್ಟ ಅಂತ ಆಕೆ ಹೇಳುತ್ತಿದ್ದಳು.

ಮನಸ್ಸಿಗೆ ಲಿಂಗವಿಲ್ಲ, ಸರಿ. ಆದರೆ ಮನಸ್ಸು ಇರುವ ಮನೆಗೆ ಲಿಂಗವಿತ್ತು. ಈಗ ಕೋಣೆಯ ವಿಷಯಕ್ಕೆ ಬರಬಹುದು.

ಕಾನ್ವೆಂಟ್ ಅಂದರೆ ನಮಗೆ ಟೈ ಕಟ್ಟಿದ ಮಕ್ಕಳು ಹೋಗುವ ಇಂಗ್ಲಿಷ್ ಶಾಲೆ. ಆ ಪದದ ಮೂಲ ಅರ್ಥ ಕ್ರೈಸ್ತ ಸನ್ಯಾಸಿನಿಯರ ಮಠ. ಕ್ಯಾಥೊಲಿಕ್ ಯುರೋಪಿನಲ್ಲಿ ಮದುವೆ ಬಿಟ್ಟರೆ ಹೆಣ್ಣಿಗೆ ಇದ್ದ ಇನ್ನೊಂದು ಜಾಗ ಅದು. ಮದುವೆಯ ವರದಕ್ಷಿಣೆಗಿಂತ ಮಠಕ್ಕೆ ಕೊಡುವ ದಕ್ಷಿಣೆ ಕಡಿಮೆ. ಹಾಗಾಗಿ ಮೂವರು ಹೆಣ್ಣುಮಕ್ಕಳಿದ್ದರೆ ಒಬ್ಬಳಿಗೆ ಮದುವೆ, ಮಿಕ್ಕವರು ಮಠಕ್ಕೆ ಅನ್ನುವ ಲೆಕ್ಕಾಚಾರ ಎಷ್ಟೋ ಮನೆಗಳಲ್ಲಿ ನಡೆಯುತ್ತಿತ್ತು. ವೆನಿಸ್‌ನಲ್ಲಿ ಹೀಗೆ ಮನಸ್ಸಿಲ್ಲದೆ ಒಳಗೆ ಸೇರಿದ ಅರ್ಕಾಂಜೆಲಾ ತಾರಾಬೊತ್ತಿ, ಹೆಣ್ಣುಮಕ್ಕಳನ್ನು ಮಠಕ್ಕೆ ದೂಡುವ ಅಪ್ಪಂದಿರ ದಬ್ಬಾಳಿಕೆಯ ಮೇಲೇ ಒಂದು ಪುಸ್ತಕ ಬರೆದಳು. ಅದು ಅಚ್ಚಾಗಿದ್ದು 1654ರಲ್ಲಿ, ಆಕೆ ತೀರಿಕೊಂಡು ಎರಡು ವರ್ಷಕ್ಕೆ. ಕೆಲವೇ ವರ್ಷಗಳಲ್ಲಿ ಚರ್ಚು ಅದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು.

ಫ್ರಾನ್ಸಿನ ಗ್ಯಾಬ್ರಿಯೆಲ್ ಸುಶೋನ್ ಒಂದು ಹೆಜ್ಜೆ ಮುಂದೆ ಹೋದಳು. ಒಳಗಿದ್ದವಳು ಹೊರಗೆ ಬಂದಳು. ವಾಪಸ್ ಹೋಗು ಅಂತ ಆದೇಶವಾದರೂ ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ದಿಜೋನ್ ಊರಿನಲ್ಲಿ ಓದುತ್ತಾ, ಬರೆಯುತ್ತಾ ಉಳಿದಳು. 1693ರಲ್ಲಿ, 60 ದಾಟಿದ ಮೇಲೆ, ಬೇರೆ ಹೆಸರಿನಲ್ಲಿ ದಪ್ಪನೆಯ ಪುಸ್ತಕ ತಂದಳು. ಹೆಂಗಸರಿಂದ ಮೂರು ವಸ್ತುಗಳನ್ನು ಕಿತ್ತುಕೊಂಡಿದ್ದಾರೆ ಅಂದಳು: ಸ್ವಾತಂತ್ರ್ಯ, ಅರಿವು, ಅಧಿಕಾರ.

ಆಕೆ ಬಳಸಿದ ಪದವನ್ನು ಕನ್ನಡದಲ್ಲಿ 'ವಂಚಿತರಾಗುವುದು' ಅನ್ನಬಹುದು. ತತ್ವಶಾಸ್ತ್ರದ ಹಳೆಯ ಶಾಲೆಗಳಲ್ಲಿ ಈ ಪದಕ್ಕೆ ಒಂದು ಖಚಿತ ಅರ್ಥವಿತ್ತು. ಕಲ್ಲಿಗೆ ಕಣ್ಣು ಕಾಣುವುದಿಲ್ಲ, ಆದರೆ ಕಲ್ಲನ್ನು ಯಾರೂ ಕುರುಡು ಅನ್ನುವುದಿಲ್ಲ. ನೋಡುವುದು ಯಾರ ಸ್ವಭಾವವೋ ಅವರಿಗೆ ಕಾಣದಿದ್ದರೆ ಮಾತ್ರ ಕುರುಡು. ಅಂದರೆ ಹೆಂಗಸು ಅರಿವಿನಿಂದ ವಂಚಿತಳು ಅಂದ ಕೂಡಲೇ, ಅರಿವು ಅವಳ ಸ್ವಭಾವಕ್ಕೆ ಸೇರಿದ್ದು ಅಂತ ಒಪ್ಪಿದ ಹಾಗಾಯಿತು. ಬುದ್ಧಿ ಕಡಿಮೆ ಅನ್ನುವವರ ಕಾಲಡಿಯ ಚಾಪೆಯನ್ನು ಒಂದೇ ಪದದಲ್ಲಿ ಎಳೆದುಬಿಟ್ಟಳು.

ಆ ಮೂರೂ ಒಲೆಯ ಮೂರು ಕಲ್ಲುಗಳಿದ್ದ ಹಾಗೆ. ಅರಿವಿಲ್ಲದವಳಿಗೆ ಯಾರೂ ಅಧಿಕಾರ ಕೊಡುವುದಿಲ್ಲ. ಅಧಿಕಾರ ಇಲ್ಲದವಳು ತನ್ನ ಸ್ವಾತಂತ್ರ್ಯ ಉಳಿಸಿಕೊಳ್ಳಲಾರಳು. ಸ್ವಾತಂತ್ರ್ಯ ಇಲ್ಲದವಳಿಗೆ ಓದಲು ಸಮಯವೇ ಇಲ್ಲ. ಒಂದು ಕಲ್ಲು ತೆಗೆದರೆ ಪಾತ್ರೆ ಮಗುಚುತ್ತದೆ. 1700ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಸುಶೋನ್ ಮೂರನೇ ದಾರಿಯನ್ನೇ ವಿವರಿಸಿದಳು: ಮದುವೆಯ ಪ್ರತಿಜ್ಞೆಯೂ ಇಲ್ಲ, ಮಠದ ಪ್ರತಿಜ್ಞೆಯೂ ಇಲ್ಲ, ತಾನಾಗಿ ಆರಿಸಿಕೊಂಡ ಒಂಟಿ ಬದುಕು. ಅಂಥವರನ್ನು ತಟಸ್ಥರು ಅಂತ ಕರೆದಳು.

ಈಗ ವಿಚಿತ್ರ ನೋಡಿ. ಸುಶೋನ್ ಮಠದಿಂದ ತಪ್ಪಿಸಿಕೊಂಡು ಬಂದವಳು. ಅವಳ ಪುಸ್ತಕ ಬಂದ ಮರುವರ್ಷವೇ, ಕಡಲಿನ ಆಚೆ ಲಂಡನ್‌ನಲ್ಲಿ ಮೇರಿ ಆಸ್ಟೆಲ್, ಹೆಂಗಸರಿಗಾಗಿ ಮಠದಂಥ ಒಂದು ಮನೆ ಕಟ್ಟಿಕೊಡಿ ಅಂತ ಕೇಳುತ್ತಿದ್ದಳು!

ಆಸ್ಟೆಲ್ ಹುಟ್ಟಿದ್ದು 1666ರಲ್ಲಿ, ನ್ಯೂಕಾಸಲ್‌ನ ಕಲ್ಲಿದ್ದಲು ವ್ಯಾಪಾರಿಯ ಮನೆಯಲ್ಲಿ. ಹನ್ನೆರಡು ತುಂಬುವ ಹೊತ್ತಿಗೆ ಅಪ್ಪ ತೀರಿಹೋದ. ಪಾದ್ರಿಯಾಗಿದ್ದ ಚಿಕ್ಕಪ್ಪ ಪಾಠ ಹೇಳಿಕೊಟ್ಟಿದ್ದ, ಮರುವರ್ಷ ಅವನೂ ಹೋದ. ವರದಕ್ಷಿಣೆಗೆ ಹಣವಿಲ್ಲ. ಇಪ್ಪತ್ತರ ಆಚೀಚೆ ಒಬ್ಬಳೇ ಲಂಡನ್‌ಗೆ ಬಂದಳು. ಪ್ರಾಟೆಸ್ಟಂಟ್ ಇಂಗ್ಲೆಂಡಿನಲ್ಲಿ ಮಠಗಳನ್ನು ಮುಚ್ಚಿ ಒಂದೂವರೆ ಶತಮಾನ ಕಳೆದಿತ್ತು. ಮದುವೆಯಾಗದ ಹೆಂಗಸು ಹೋಗಬೇಕಾದದ್ದು ಎಲ್ಲಿಗೆ? ಅಣ್ಣನ ಮನೆಯ ಮೂಲೆಗೆ.

1694ರ ಪುಸ್ತಕದಲ್ಲಿ ಆಕೆ ಕೇಳಿದ ಮನೆಗೆ ಜೀವಮಾನದ ಪ್ರತಿಜ್ಞೆ ಇರಲಿಲ್ಲ. ಬೇಕಾದಾಗ ಬರಬಹುದು, ಬೇಡವಾದಾಗ ಹೋಗಬಹುದು, ಮದುವೆಯಾಗಬೇಕು ಅನಿಸಿದರೆ ಆಗಬಹುದು. ಒಳಗಿದ್ದಷ್ಟು ದಿನ ಓದು, ಪ್ರಾರ್ಥನೆ, ಗೆಳತಿಯರ ಜೊತೆ ಮಾತುಕತೆ. ಸುಶೋನ್ ಬಿಟ್ಟುಬಂದ ಮಠಕ್ಕೂ ಆಸ್ಟೆಲ್ ಕೇಳಿದ ಮನೆಗೂ ಗೋಡೆಯಲ್ಲಿ ಏನೂ ವ್ಯತ್ಯಾಸವಿಲ್ಲ. ಒಂದರ ಚಿಲಕ ಹೊರಗಡೆ, ಇನ್ನೊಂದರದು ಒಳಗಡೆ.

ಒಳಗೆ ಕೂತು ಏನು ಕಲಿಯಬೇಕು? ಭಾಷೆಗಳ ರಾಶಿ ಹೊರುವುದು ಬೇಡ ಅನ್ನುತ್ತಾಳೆ ಆಸ್ಟೆಲ್. 1697ರಲ್ಲಿ ಬಂದ ಎರಡನೇ ಭಾಗದಲ್ಲಿ ಯೋಚಿಸುವ ವಿಧಾನವನ್ನೇ ಹೇಳಿಕೊಡುತ್ತಾಳೆ. ಪ್ರಶ್ನೆ ಏನೆಂದು ಮೊದಲು ಸ್ಪಷ್ಟ ಮಾಡಿಕೊ. ಸುಲಭದಿಂದ ಶುರು ಮಾಡಿ ಕಷ್ಟಕ್ಕೆ ಹೋಗು. ಅಂದಾಜನ್ನು ಸತ್ಯ ಅಂತ ಒಪ್ಪಬೇಡ. ಡೆಕಾರ್ಟ್‌ನ ಗಾಳಿ ಇಲ್ಲಿ ಜೋರಾಗಿಯೇ ಬೀಸುತ್ತದೆ. ಆದರೆ ಆಕೆ ಅದನ್ನು ತಿರುಗಿಸಿದ್ದು ಕನ್ನಡಿಯ ಕಡೆಗೆ, ಬಟ್ಟೆಯ ಫ್ಯಾಶನ್ ಕಡೆಗೆ, ಮದುವೆಯ ಕಡೆಗೆ. ಚಂದವಾಗಿ ಕಾಣುವುದೇ ಬದುಕು ಅಂತ ನಿನಗೆ ಅನಿಸುತ್ತಿದೆಯಲ್ಲ, ಅದು ನಿನ್ನ ಸ್ವಂತ ತೀರ್ಮಾನವೋ, ಸುತ್ತಲಿನವರು ಹೇಳಿ ಹೇಳಿ ಅಭ್ಯಾಸವಾದದ್ದೋ?

ಆಕೆಯ ವಾದದ ತಿರುಳು ಇಲ್ಲಿದೆ. ಯಾರೂ ಕೈಕಾಲು ಕಟ್ಟದಿದ್ದರೆ ಸ್ವಾತಂತ್ರ್ಯ ಇದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಆಸ್ಟೆಲ್‌ಗೆ ಅಷ್ಟು ಸಾಲದು. ತೂಗಿ ನೋಡಲು ಬಾರದ ಮನಸ್ಸು, ಬಾಗಿಲು ತೆರೆದಿದ್ದರೂ ಹೊರಗೆ ಹೋಗುವುದಿಲ್ಲ. ರೂಢಿ ಎತ್ತ ಎಳೆದರೆ ಅತ್ತ. ಅದಕ್ಕೇ ಆಕೆಯ ಪಾಲಿಗೆ ಓದು ಸ್ವಾತಂತ್ರ್ಯದ ಒಳಗಿನ ಅರ್ಧ.

ಹೊರಗಿನ ಅರ್ಧದ ಬಗ್ಗೆ ಬರೆದಿದ್ದು 1700ರಲ್ಲಿ, ಮದುವೆಯ ಕುರಿತ ಪುಸ್ತಕದಲ್ಲಿ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ಹಣ, ಒಡವೆ, ಸಾಮಾನು ಗಂಡನದ್ದಾಗುತ್ತಿತ್ತು. ತನ್ನ ಹೆಸರಿನಲ್ಲಿ ಒಂದು ಕರಾರಿಗೆ ಸಹಿ ಹಾಕುವಂತಿರಲಿಲ್ಲ. ಈ ಪುಸ್ತಕದ ಹಿನ್ನೆಲೆಯಲ್ಲಿ ಇಂಗ್ಲೆಂಡಿನ 1688ರ ಕ್ರಾಂತಿ ಇತ್ತು. ರಾಜನನ್ನು ಇಳಿಸಿ ಬೇರೆಯವರನ್ನು ಕೂರಿಸಿದ್ದರು. ಮನುಷ್ಯ ಹುಟ್ಟಿನಿಂದ ಸ್ವತಂತ್ರ, ಇನ್ನೊಬ್ಬನ ಚಂಚಲ, ಅನಿಶ್ಚಿತ, ಮನಬಂದ ಇಚ್ಛೆಗೆ ಒಳಗಾಗಿರುವುದೇ ಗುಲಾಮಗಿರಿ ಅಂತ ಜಾನ್ ಲಾಕ್ ಬರೆದಿದ್ದ. 1706ರ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಆಸ್ಟೆಲ್ ಅದೇ ಪದಗಳನ್ನು ಎತ್ತಿಕೊಂಡು ಕೇಳಿದಳು: ಎಲ್ಲ ಗಂಡಸರೂ ಹುಟ್ಟಿನಿಂದ ಸ್ವತಂತ್ರರಾದರೆ, ಎಲ್ಲ ಹೆಂಗಸರೂ ಹುಟ್ಟಿನಿಂದ ಗುಲಾಮರಾಗಿರುವುದು ಹೇಗೆ? ದೇಶಕ್ಕೆ ನಿರಂಕುಶ ದೊರೆ ಬೇಡವಾದರೆ, ಮನೆಗೆ ಮಾತ್ರ ಯಾಕೆ ಬೇಕು?

'ಮನಬಂದ ಇಚ್ಛೆ' ಅನ್ನುವ ಮಾತನ್ನು ಸ್ವಲ್ಪ ಬಿಡಿಸಬೇಕು. ಗಂಡ ಒಳ್ಳೆಯವನೇ ಇರಬಹುದು. ಹೊಡೆಯುವುದಿಲ್ಲ, ಬೈಯುವುದಿಲ್ಲ, ಕೇಳಿದಷ್ಟು ದುಡ್ಡು ಕೊಡುತ್ತಾನೆ. ಆದರೆ ನಾಳೆ ಮನಸ್ಸು ಬದಲಾಯಿಸಿದರೆ ತಡೆಯುವವರು ಯಾರೂ ಇಲ್ಲ. ಅವನು ಹೇಗಿದ್ದಾನೆ ಅನ್ನುವುದರ ಮೇಲೆ ಇವಳ ದಿನ ನಿಂತಿದೆ. ಹಾಗಿರುವಾಗ ಈಗ ಚೆನ್ನಾಗಿರುವುದು ಅದೃಷ್ಟ ಮಾತ್ರ.

ಇಷ್ಟು ಓದಿ ಆಸ್ಟೆಲ್ ವಿಚ್ಛೇದನ ಕೇಳುತ್ತಾಳೆ, ಬಂಡಾಯ ಏಳಿ ಅನ್ನುತ್ತಾಳೆ ಅಂದುಕೊಂಡರೆ ಮೋಸಹೋಗುತ್ತೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆಕೆ ಕಟ್ಟಾ ಸಂಪ್ರದಾಯವಾದಿ, ರಾಜನ ಪಕ್ಷದವಳು. ಪ್ರಜೆ ರಾಜನ ವಿರುದ್ಧ ದಂಗೆ ಏಳಬಾರದು, ಹೆಂಡತಿ ಗಂಡನ ಮಾತು ಮೀರಬಾರದು ಅನ್ನುವುದೇ ಆಕೆಯ ನಿಲುವು. ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಕೂಗುವ ರಾಜಕಾರಣಿಗಳು ಮನೆಯಲ್ಲಿ ದೊರೆಗಳಾಗಿ ಕೂತಿದ್ದಾರಲ್ಲ ಅಂತ ಚುಚ್ಚುವುದು ಆ ಪ್ರಶ್ನೆಯ ಒಂದು ಉದ್ದೇಶ. ಹಾಗಾದರೆ ಹೆಂಗಸು ಏನು ಮಾಡಬೇಕು? ಮದುವೆಗೆ ಮೊದಲು ಚೆನ್ನಾಗಿ ಯೋಚಿಸಬೇಕು. ಬೇಕಾದರೆ ಆಗಲೇಬಾರದು. ಯೋಚಿಸಲು ಬರಬೇಕಾದರೆ ಓದಿರಬೇಕು. ಸುತ್ತಿ ಬಳಸಿ ಮತ್ತೆ ಆ ಮನೆಗೇ ಬಂದೆವು.

ಪಾತ್ರೆ ತೊಳೆಯುವ ಹುಡುಗಿಯನ್ನು ಮರೆತಿಲ್ಲ ತಾನೇ? ಆಸ್ಟೆಲ್ ಲೆಕ್ಕ ಹಾಕಿದ್ದು 500-600 ಪೌಂಡ್ ಕೊಟ್ಟು ಮಗಳನ್ನು ಸೇರಿಸಬಲ್ಲ ಮನೆತನಗಳಿಗೆ. ಅಡುಗೆಯವಳಿಗೆ ಅದು ಜೀವಮಾನದಲ್ಲೂ ಕಾಣದ ಮೊತ್ತ. ಆಕೆ ಗುಲಾಮರು ಅನ್ನುವ ಪದ ಬರೆದ ವರ್ಷಗಳಲ್ಲೇ ಇಂಗ್ಲೆಂಡಿನ ಹಡಗುಗಳು ಆಫ್ರಿಕಾದ ಜನರನ್ನು ಸಂಕೋಲೆ ಹಾಕಿ ಸಾಗಿಸುತ್ತಿದ್ದವು. ಪುಸ್ತಕದ ವಾದ ಎಷ್ಟು ಹರಿತವಾಗಿದ್ದರೂ ಅದರ ಬೆಳಕು ಬಿದ್ದ ಜಾಗ ಚಿಕ್ಕದು. ಹೀಗೆ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: 1709ರಲ್ಲಿ ಲಂಡನ್ ಬಳಿಯ ಚೆಲ್ಸಿಯಲ್ಲಿ ಬಡ ಹುಡುಗಿಯರಿಗಾಗಿ, ಮಾಜಿ ಸೈನಿಕರ ಹೆಣ್ಣುಮಕ್ಕಳಿಗಾಗಿ, ದಾನದ ಹಣದಿಂದ ನಡೆಯುವ ಶಾಲೆಯೊಂದು ಶುರುವಾದಾಗ ಅದರ ಹಿಂದೆ ನಿಂತವಳು ಇದೇ ಆಸ್ಟೆಲ್.

ದೊಡ್ಡ ಮನೆ ಮಾತ್ರ ಏಳಲೇ ಇಲ್ಲ. ಶ್ರೀಮಂತ ಮಹಿಳೆಯೊಬ್ಬರು 10,000 ಪೌಂಡ್ ಕೊಡಲು ಮುಂದೆ ಬಂದಿದ್ದರು, ಕ್ಯಾಥೊಲಿಕ್ ಮಠದ ವಾಸನೆ ಬರುತ್ತಿದೆ ಅಂತ ಒಬ್ಬ ಬಿಷಪ್ ಅಡ್ಡಗಾಲು ಹಾಕಿದರು ಅನ್ನುವ ಕಥೆ ಇದೆ. ಕಥೆಯನ್ನು ಬರೆದಿಟ್ಟವನು ಜಾರ್ಜ್ ಬ್ಯಾಲಾರ್ಡ್, ಹೆಂಗಸರ ಉಡುಪು ಹೊಲಿಯುವ ಕೆಲಸ ಮಾಡುತ್ತಾ ಇತಿಹಾಸ ಹುಡುಕುತ್ತಿದ್ದವನು. ಓದಿದ ಹೆಂಗಸರ ಬಗ್ಗೆ 1752ರಲ್ಲಿ ಪುಸ್ತಕ ತಂದ.

ಅದರಲ್ಲಿ ಆಸ್ಟೆಲ್‌ಳ ಇನ್ನೊಂದು ಸಂಗತಿ ಇದೆ. ಆಕೆ ಚೆಲ್ಸಿಯ ಮನೆಯಲ್ಲಿ ಓದುತ್ತಾ ಕೂತಿರುವಾಗ, ಕಾಡುಹರಟೆಗೆಂದು ಯಾರಾದರೂ ಬರುವುದು ಕಂಡರೆ, ಎದ್ದು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದಳಂತೆ. 'ಆಸ್ಟೆಲ್ ಅವರು ಮನೆಯಲ್ಲಿಲ್ಲ' ಅಂತ ತಾನೇ ನಗುತ್ತಾ ಹೇಳುತ್ತಿದ್ದಳಂತೆ. ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ.